ದೆವ್ವದ ಕಥೆ ಓದುವುದು ಹೇಗೆ, ತೂಗುವುದು ಹೇಗೆ?

ಮನೆಯಲ್ಲಿ ಮಕ್ಕಳು ದೆವ್ವದ ಕಥೆಯ ಪುಸ್ತಕ ಹಿಡಿದು ಕೂತರೆ ತಂದೆತಾಯಿಗಳಲ್ಲಿ ಎರಡು ಪಂಗಡ. ಒಂದು ಪಂಗಡದವರು ಪುಸ್ತಕ ಕಿತ್ತುಕೊಂಡು ಅಟ್ಟಕ್ಕೆ ಹಾಕುತ್ತಾರೆ. ‘ದೇವರ ಹೆಸರು ಹೇಳುವ ಮನೆಯಲ್ಲಿ ಇದೆಂಥದ್ದು?’ ಎಂದು ಗದರುತ್ತಾರೆ. ಇನ್ನೊಂದು ಪಂಗಡದವರು ‘ಏನೋ ಒಂದು ಓದುತ್ತಾನಲ್ಲ, ಮೊಬೈಲು ತಿಕ್ಕುವುದಕ್ಕಿಂತ ವಾಸಿ’ ಎಂದು ಸುಮ್ಮನಾಗುತ್ತಾರೆ. ಎರಡೂ ಪಂಗಡದವರು ಮಾಡದ ಕೆಲಸ ಒಂದಿದೆ. ಆ ಪುಸ್ತಕವನ್ನು ತಾವೇ ತೆರೆದು ಓದುವುದು!

ಹೆದರಿಕೆಯ ಕಥೆಗಳೆಲ್ಲ ಒಂದೇ ತೂಕದವಲ್ಲ. ಅವುಗಳಲ್ಲಿ ಚಿನ್ನವಿದೆ, ಹಿತ್ತಾಳೆಯಿದೆ, ಮುಟ್ಟಿದರೆ ಕೈ ತೊಳೆಯಬೇಕಾದ ಕೊಳಕೂ ಇದೆ. ಯಾವುದು ಯಾವುದೆಂದು ಹೇಳಬೇಕಾದರೆ ತಕ್ಕಡಿ ಬೇಕು. ಈ ಮಳೆಗಾಲದ ಸಂಜೆಗಳನ್ನು ನಾವು ಅಂಥ ಕೆಲವು ಕಥೆಗಳಿಗೂ, ಆ ಕಥೆಗಳ ಬಗ್ಗೆ ಬಲ್ಲವರು ಬರೆದ ಪುಸ್ತಕಗಳಿಗೂ ಕೊಟ್ಟೆವು. ಕರೆಂಟು ಹೋದಾಗ ಓದು ನಿಲ್ಲಿಸಿದ್ದೂ ಉಂಟು. ಅದು ಹೆದರಿಕೆಯಿಂದಲ್ಲ ಎಂದರೆ ನಂಬುವವರು ನಂಬಲಿ.

ನಮ್ಮ ಸೀಮೆಯ ಬಳುವಳಿ

ಗಡಿನಾಡಿನಲ್ಲಿ ಬದುಕುವ ನಮಗೆ ಇಂಥ ಕಥೆಗಳ ಬರ ಎಂದೂ ಇರಲಿಲ್ಲ. ಅಜ್ಜಿ ಕೊಂಕಣಿಯಲ್ಲಿ ದೆವ್ಚಾರನ ಕಥೆ ಹೇಳುತ್ತಿದ್ದರು. ಶಾಲೆಯ ಗೆಳೆಯರು ಕನ್ನಡದಲ್ಲಿ ಮೋಹಿನಿ, ಕೊಳ್ಳಿದೆವ್ವ, ಬ್ರಹ್ಮರಾಕ್ಷಸರನ್ನು ಕರೆದು ತರುತ್ತಿದ್ದರು. ಪಕ್ಕದ ಮನೆಯ ಚೇಚಿ ಮಲಯಾಳದಲ್ಲಿ ಪಾಲೆಮರದ ಯಕ್ಷಿಯ ಕಥೆ ಹೇಳಿ ನಿದ್ದೆ ಕೆಡಿಸುತ್ತಿದ್ದರು. ಒಂದು ಮಾತನ್ನು ಮಾತ್ರ ಇಲ್ಲಿಯೇ ಹೇಳಿಬಿಡಬೇಕು. ಘಟ್ಟದ ಮೇಲಿನ ಕನ್ನಡದಲ್ಲಿ ‘ಭೂತ’ವೆಂದರೆ ಪಿಶಾಚಿ. ನಮ್ಮ ತುಳುನಾಡಿನಲ್ಲಿ ಹಾಗಲ್ಲ. ಇಲ್ಲಿ ಭೂತವೆಂದರೆ ನೆರೆಯವರು ಕೋಲ ಕೊಟ್ಟು ನಂಬುವ ದೈವ. ಆದುದರಿಂದ ಈ ಲೇಖನದಲ್ಲಿ ‘ಭೂತದ ಕಥೆ’ ಎಂಬ ಮಾತನ್ನು ನಾವು ಬಳಸುವುದಿಲ್ಲ. ಒಬ್ಬರ ಆರಾಧನೆ ಇನ್ನೊಬ್ಬರ ಗಾಬರಿಯ ಸರಕಾಗಬಾರದು.

ಕೇರಳದ ಓದುಗರಿಗೆ ಕೊಟ್ಟಾರತ್ತಿಲ್ ಶಂಕುಣ್ಣಿಯವರ ‘ಐತಿಹ್ಯಮಾಲೆ’ ಗೊತ್ತಿರುತ್ತದೆ. 1909ರಿಂದ ಸಂಪುಟಗಳಾಗಿ ಹೊರಬಂದ ಈ ದಂತಕಥೆಗಳ ಸಂಗ್ರಹದಲ್ಲಿ ಕಡಮಟ್ಟತ್ತು ಕತ್ತನಾರರ ಕಥೆಯಿದೆ. ಕತ್ತನಾರ್ ಎಂದರೆ ಸುರಿಯಾನಿ ಕ್ರೈಸ್ತರ ಪಾದ್ರಿ. ಕಾಡಿನಲ್ಲಿ ಸಿಕ್ಕಿಹಾಕಿಕೊಂಡು ಮಲೆಯವರಿಂದ ಮಂತ್ರವಿದ್ಯೆ ಕಲಿತು ಬಂದ ಈ ಪಾದ್ರಿ, ದಾರಿಹೋಕರನ್ನು ಕೊಲ್ಲುವ ಯಕ್ಷಿಯ ತಲೆಗೆ ಕಬ್ಬಿಣದ ಮೊಳೆ ಹೊಡೆದು ಅವಳನ್ನು ಸಾಧಾರಣ ಹೆಂಗಸಾಗಿ ಮಾಡುತ್ತಾರೆ. ಅವಳು ಒಂದು ಮನೆಯಲ್ಲಿ ಕೆಲಸ ಮಾಡಿಕೊಂಡು ಇರುತ್ತಾಳೆ. ಒಂದು ದಿನ ಮನೆಯ ಹೆಂಗಸೊಬ್ಬಳು ಅವಳ ತಲೆ ಬಾಚುವಾಗ ಬಾಚಣಿಗೆಗೆ ಏನೋ ತಡೆಯುತ್ತದೆ. ಅಯ್ಯೋ ಪಾಪ ಎಂದು ಮೊಳೆ ಕಿತ್ತರೆ, ಯಕ್ಷಿ ಮಾಯ! ಈ ಕಥೆ 2004ರಲ್ಲಿ ಏಷ್ಯಾನೆಟ್‌ನಲ್ಲಿ ಧಾರಾವಾಹಿಯಾಗಿ ಬಂದಾಗ ನಮ್ಮ ಎಷ್ಟೋ ಮನೆಗಳಲ್ಲಿ ರಾತ್ರಿಯೂಟ ತಡವಾಗುತ್ತಿತ್ತು.

ಪಾದ್ರಿಯೊಬ್ಬರು ಮಂತ್ರವಾದಿಯಾಗುವುದು ನಮ್ಮ ವಿಶ್ವಾಸಕ್ಕೆ ಒಗ್ಗುವ ಸಂಗತಿಯಲ್ಲ. ಆದರೆ ಕಥೆಯಾಗಿ ನೋಡಿದರೆ ಅದು ಗಟ್ಟಿ. ಏಕೆ? ಬಾಚಣಿಗೆಯಿಂದಾಗಿ. ಹೆದರಿಕೆ ಸ್ಮಶಾನದಲ್ಲಿಲ್ಲ, ಮನೆಯ ಹಿಂಬಾಗಿಲಲ್ಲಿ ಕೂತು ತಲೆ ಬಾಚಿಸಿಕೊಳ್ಳುತ್ತಿದೆ. ಅದನ್ನು ಬಿಡುಗಡೆ ಮಾಡಿದ್ದು ಯಾರ ಕೆಡುಕೂ ಅಲ್ಲ, ಒಬ್ಬಳ ಕನಿಕರ. ಈ ಅಳತೆಗೋಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರು ವರಗಳ ಕಥೆ

ಹೆದರಿಕೆಯ ಕಥೆ ಎಂದರೇನು ಎಂದು ಯಾರಾದರೂ ಕೇಳಿದರೆ ನಾವು ಕೈಗೆ ಕೊಡುವುದು ಡಬ್ಲ್ಯು. ಡಬ್ಲ್ಯು. ಜೇಕಬ್ಸ್ ಎಂಬ ಇಂಗ್ಲಿಷ್ ಲೇಖಕರು 1902ರಲ್ಲಿ ಬರೆದ ‘ದಿ ಮಂಕೀಸ್ ಪಾ’, ಅಂದರೆ ‘ಕೋತಿಯ ಕೈ’. ಜೇಕಬ್ಸ್ ದೆವ್ವದ ಕಥೆಗಳಿಗೆ ಹೆಸರಾದವರಲ್ಲ. ಹಡಗುಕಟ್ಟೆಯ ನಾವಿಕರ ನಗೆಗಥೆಗಳನ್ನು ಬರೆಯುತ್ತಿದ್ದವರು. ಓದಲು ಅರ್ಧ ಗಂಟೆ ಸಾಕು.

ಮಳೆಯ ರಾತ್ರಿ. ವೈಟ್ ದಂಪತಿಗಳು ಮತ್ತು ಅವರ ಬೆಳೆದ ಮಗ ಹರ್ಬರ್ಟ್ ಬೆಂಕಿಯ ಮುಂದೆ ಕೂತಿದ್ದಾರೆ. ತಂದೆ ಮಗ ಚದುರಂಗ ಆಡುತ್ತಿದ್ದಾರೆ. ಭಾರತದಲ್ಲಿ ಸೈನ್ಯದಲ್ಲಿದ್ದು ಬಂದ ಹಳೆಯ ಪರಿಚಯದವನೊಬ್ಬ ಬರುತ್ತಾನೆ. ಅವನ ಜೇಬಿನಲ್ಲಿ ಒಣಗಿದ ಕೋತಿಯ ಕೈ. ಫಕೀರನೊಬ್ಬ ಅದಕ್ಕೆ ಮಂತ್ರ ಹಾಕಿದ್ದಾನಂತೆ. ಮೂವರಿಗೆ ಮೂರು ಮೂರು ವರ ಕೊಡುತ್ತದಂತೆ. ಬಂದವನು ಅದನ್ನು ಬೆಂಕಿಗೆ ಎಸೆಯುತ್ತಾನೆ, ವೈಟ್ ಎತ್ತಿಕೊಳ್ಳುತ್ತಾರೆ. ಏನು ಬೇಡುವುದು? ಬೇಕಾದದ್ದೆಲ್ಲ ಇದೆಯಲ್ಲ! ಮನೆಯ ಸಾಲ ತೀರಲು ಇನ್ನೂರು ಪೌಂಡು ಸಾಕೆಂದು ಮಗ ನಗುತ್ತಾ ಹೇಳುತ್ತಾನೆ. ತಂದೆ ಬೇಡುತ್ತಾರೆ.

ಮರುದಿನ ಮಗ ಕೆಲಸಕ್ಕೆ ಹೋದವನು ಬರುವುದಿಲ್ಲ. ಕಂಪನಿಯಿಂದ ಒಬ್ಬರು ಬಂದು ಬಾಗಿಲ ಬಳಿ ತಡವರಿಸುತ್ತಾರೆ. ಹರ್ಬರ್ಟ್ ಯಂತ್ರಕ್ಕೆ ಸಿಕ್ಕಿದ್ದಾನೆ. ಕಂಪನಿಗೆ ಯಾವ ಹೊಣೆಯೂ ಇಲ್ಲ. ಆದರೂ ಅವನ ಸೇವೆಯನ್ನು ನೆನೆದು ಒಂದು ಮೊತ್ತ ಕೊಡುತ್ತದೆ. ಎಷ್ಟು? ಇನ್ನೂರು ಪೌಂಡು.

ಸಾಮಾನ್ಯ ಲೇಖಕ ಇಲ್ಲಿಗೆ ಕಥೆ ಮುಗಿಸಿ ಚಪ್ಪಾಳೆ ಕಾಯುತ್ತಿದ್ದ. ಜೇಕಬ್ಸ್ ಇಲ್ಲಿಂದ ನಿಜವಾಗಿ ಶುರುಮಾಡುತ್ತಾರೆ. ಎರಡು ಮೈಲು ದೂರದ ಹೊಸ ಸ್ಮಶಾನದಲ್ಲಿ ಮಗನನ್ನು ಮಣ್ಣು ಮಾಡಿ ಬಂದ ಮೇಲೆ ಆ ಮನೆಯಲ್ಲಿ ಮಾತು ನಿಂತುಹೋಗುತ್ತದೆ. ದಿನಗಳು ಉದ್ದವಾಗುತ್ತವೆ. ಒಂದು ರಾತ್ರಿ ತಾಯಿಗೆ ಥಟ್ಟನೆ ನೆನಪಾಗುತ್ತದೆ: ಇನ್ನೂ ಎರಡು ವರ ಉಳಿದಿವೆಯಲ್ಲ! ಮಗ ಬದುಕಿ ಬರಲಿ ಎಂದು ಬೇಡಿ ಎಂದು ಗಂಡನನ್ನು ಪೀಡಿಸುತ್ತಾಳೆ. ಗಂಡ ನಡುಗುತ್ತಾರೆ. ಯಂತ್ರಕ್ಕೆ ಸಿಕ್ಕ ಮಗನನ್ನು ಅವರು ಗುರುತಿಸಿದ್ದು ಬಟ್ಟೆಯಿಂದ ಮಾತ್ರ. ಅದಾಗಿ ಹತ್ತು ದಿನವಾಗಿದೆ. ಆದರೂ ಬೇಡುತ್ತಾರೆ. ಏನೂ ಆಗುವುದಿಲ್ಲ. ಮೊಂಬತ್ತಿ ಆರುತ್ತದೆ. ಆಮೇಲೆ, ಎರಡು ಮೈಲು ನಡೆದು ಬರಲು ಬೇಕಾದಷ್ಟು ಹೊತ್ತು ಕಳೆದ ಮೇಲೆ, ಬಾಗಿಲು ಬಡಿಯುವ ಸದ್ದು. ತಾಯಿ ಓಡುತ್ತಾಳೆ. ಮೇಲಿನ ಅಗುಳಿ ಅವಳ ಕೈಗೆ ಎಟುಕುವುದಿಲ್ಲ, ಕುರ್ಚಿ ಎಳೆಯುತ್ತಾಳೆ. ತಂದೆ ಕತ್ತಲಲ್ಲಿ ನೆಲ ತಡವುತ್ತಾ ಕೋತಿಯ ಕೈಗಾಗಿ ಹುಡುಕುತ್ತಾರೆ, ಮೂರನೆಯ ವರ ಬೇಡುತ್ತಾರೆ. ಸದ್ದು ನಿಲ್ಲುತ್ತದೆ. ಬಾಗಿಲು ತೆರೆದಾಗ ಹೊರಗೆ ಬೀದಿದೀಪ, ಖಾಲಿ ರಸ್ತೆ.

ಬಾಗಿಲಾಚೆ ಏನಿತ್ತು? ಲೇಖಕರು ಹೇಳುವುದಿಲ್ಲ. ಮೂರನೆಯ ವರ ಏನೆಂಬುದನ್ನೂ ಹೇಳುವುದಿಲ್ಲ. ಇಡೀ ಕಥೆಯಲ್ಲಿ ನಾವು ಕಣ್ಣಾರೆ ಕಂಡದ್ದು ಒಣಗಿದ ಒಂದು ಕೋತಿಯ ಕೈ ಮಾತ್ರ. ಇನ್ನೂ ಒಂದು ಮಾತು: ಇನ್ನೂರು ಪೌಂಡು ಕೋತಿಯ ಕೈ ಇಲ್ಲದೆಯೂ ಬರಬಹುದಿತ್ತು, ಬಾಗಿಲು ಬಡಿದದ್ದು ಯಾರೋ ದಾರಿಹೋಕನೂ ಇರಬಹುದಿತ್ತು. ಹಾಗೆ ಓದಿದರೂ ಕಥೆ ಹಗುರವಾಗುವುದಿಲ್ಲ. ಮಗನನ್ನು ಮಣ್ಣಿಗೆ ಕೊಟ್ಟ ಇಬ್ಬರಲ್ಲಿ ಒಬ್ಬರು ಬಾಗಿಲು ತೆರೆಯಲು ಓಡುತ್ತಾರೆ, ಇನ್ನೊಬ್ಬರು ತೆರೆಯದಿರಲಿ ಎಂದು ಬೇಡುತ್ತಾರೆ. ಇಬ್ಬರದೂ ಪ್ರೀತಿಯೇ. ಮನೆಯಲ್ಲಿ ಎಳೆಯ ಸಾವು ಕಂಡವರು ಈ ಕಥೆಯನ್ನು ಓದಿ ಹೆದರುವುದಕ್ಕಿಂತ ಅಳುವುದೇ ಹೆಚ್ಚು. ಅಂಥವರ ಕೈಗೆ ಇದನ್ನು ಕೊಡುವ ಮುನ್ನ ಎರಡು ಸಲ ಯೋಚಿಸಬೇಕು ಎಂಬುದೂ ಅದೇ ಕಾರಣಕ್ಕೆ.

ಬಲ್ಲವರ ತಕ್ಕಡಿಗಳು

ಇಂಥ ಕಥೆಗಳನ್ನು ಬರೆದವರೇ ಅವುಗಳನ್ನು ತೂಗಿದ್ದೂ ಉಂಟು. 18ನೆಯ ಶತಮಾನದ ಕೊನೆಯಲ್ಲಿ ಪಾಳುಕೋಟೆಗಳ ಕಾದಂಬರಿ ಬರೆದು ಇಂಗ್ಲೆಂಡನ್ನೇ ನಡುಗಿಸಿದ ಆ್ಯನ್ ರ‍್ಯಾಡ್‌ಕ್ಲಿಫ್ ಎಂಬ ಮಹಿಳೆಯ ಪ್ರಬಂಧವೊಂದು ಅವರು ತೀರಿಕೊಂಡ ಬಳಿಕ 1826ರಲ್ಲಿ ಪ್ರಕಟವಾಯಿತು. ಹೆದರಿಕೆಯಲ್ಲಿ ಎರಡು ಬಗೆ ಎಂದರು ಆಕೆ. ಒಂದು, ಇನ್ನೂ ಕಾಣದ ಯಾವುದೋ ಬರುತ್ತಿದೆ ಎಂಬ ದಿಗಿಲು. ಇದು ಮನಸ್ಸನ್ನು ಎಚ್ಚರಿಸಿ ಹಿಗ್ಗಿಸುತ್ತದೆ. ಇನ್ನೊಂದು, ಭೀಕರವಾದದ್ದನ್ನು ಎದುರಿಗೇ ಕಂಡಾಗಿನ ಅನುಭವ. ಇದು ಮನಸ್ಸನ್ನು ಕುಗ್ಗಿಸಿ ಮರಗಟ್ಟಿಸುತ್ತದೆ.

ನಮ್ಮ ಕಾಲದ ಸ್ಟೀಫನ್ ಕಿಂಗ್ 1981ರಲ್ಲಿ ‘ಡಾನ್ಸ್ ಮಕಾಬ್ರ್’ ಎಂಬ ದಪ್ಪ ಪುಸ್ತಕದಲ್ಲಿ ಇದಕ್ಕೆ ಮೂರನೆಯದೊಂದನ್ನು ಸೇರಿಸಿದರು: ಅಸಹ್ಯ, ಹೇಸಿಗೆ. ತಾವು ಮೊದಲು ದಿಗಿಲು ಹುಟ್ಟಿಸಲು ನೋಡುತ್ತೇವೆ, ಅದು ಆಗದಿದ್ದರೆ ಭೀಕರವಾದದ್ದನ್ನು ತೋರಿಸುತ್ತೇವೆ, ಅದೂ ಆಗದಿದ್ದರೆ ಹೇಸಿಗೆಗೆ ಇಳಿಯುತ್ತೇವೆ ಎಂದು ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಮೊದಲನೆಯದೇ ಶ್ರೇಷ್ಠ ಎಂಬುದಕ್ಕೆ ಅವರು ಕೊಡುವ ಉದಾಹರಣೆಗಳಲ್ಲಿ ಮೇಲಿನ ಕೋತಿಯ ಕೈಯ ಕಥೆಯೂ ಒಂದು. ಪುಸ್ತಕ ತುಂಬಾ ಹರಟೆ. ಅವರ ಬಾಲ್ಯ, ರೇಡಿಯೋ, ಹಳೆಯ ಸಿನಿಮಾಗಳೆಲ್ಲ ಬಂದು ಹೋಗುತ್ತವೆ. ಆದರೆ ವ್ಯಾಪಾರಿಯೇ ತನ್ನ ಸರಕಿನ ಮೂರು ದರ್ಜೆಗಳನ್ನು ಹೇಳಿಕೊಡುವುದು ದಿನಾ ಸಿಗುವ ಸಂಗತಿಯಲ್ಲ.

ಇದೇನೂ ನಮಗೆ ಹೊಸದಲ್ಲ ಎಂದು ಯಕ್ಷಗಾನ ನೋಡಿ ಬೆಳೆದವರು ಹೇಳಿಯಾರು. ಭರತಮುನಿಯ ನಾಟ್ಯಶಾಸ್ತ್ರ ಎಂಟು ರಸಗಳನ್ನು ಎಣಿಸುವಾಗ ಭಯಾನಕವನ್ನು ಬೇರೆ, ಬೀಭತ್ಸವನ್ನು ಬೇರೆ ಇಟ್ಟಿದೆ. ಒಂದರ ಬೇರು ಭಯ, ಇನ್ನೊಂದರ ಬೇರು ಜುಗುಪ್ಸೆ. ಇಂದಿನ ಎಷ್ಟೋ ‘ಹಾರರ್’ ಪುಸ್ತಕಗಳು, ಸಿನಿಮಾಗಳು ಬೀಭತ್ಸವನ್ನು ಭಯಾನಕವೆಂದು ಹೆಸರಿಟ್ಟು ಮಾರುತ್ತಿವೆ. ರಕ್ತ, ಕರುಳು, ಹುಳ! ಹೊಟ್ಟೆ ತೊಳಸುವುದು ನಿಜ, ಆದರೆ ಪುಸ್ತಕ ಮುಚ್ಚಿದ ಮೇಲೆ ಏನೂ ಉಳಿಯುವುದಿಲ್ಲ.

ಎಂ. ಆರ್. ಜೇಮ್ಸ್ ಅವರ ಮಾತನ್ನೂ ಸೇರಿಸೋಣ. ಕೇಂಬ್ರಿಜ್‌ನ ದೊಡ್ಡ ವಿದ್ವಾಂಸ. ಬೈಬಲಿಗೆ ಸೇರದೆ ಹೊರಗುಳಿದ ಪ್ರಾಚೀನ ಕ್ರೈಸ್ತ ಬರಹಗಳನ್ನು ಅನುವಾದಿಸಿ 1924ರಲ್ಲಿ ಪ್ರಕಟಿಸಿದವರು. ಅದೇ ಮನುಷ್ಯ ಕ್ರಿಸ್ಮಸ್ ಸಮಯದಲ್ಲಿ ಗೆಳೆಯರನ್ನು ಕೂಡಿಸಿ ಮೊಂಬತ್ತಿಯ ಬೆಳಕಿನಲ್ಲಿ ತಾನೇ ಬರೆದ ದೆವ್ವದ ಕಥೆಗಳನ್ನು ಓದುತ್ತಿದ್ದರು! 1904ರ ಅವರ ಮೊದಲ ಸಂಕಲನ ಇಂದಿಗೂ ಅಚ್ಚಿನಲ್ಲಿದೆ. ಅವರ ಸೂತ್ರ ಸರಳ. ಮೊದಲು ಜನರನ್ನು ತಮ್ಮ ದಿನದ ಕೆಲಸದಲ್ಲಿ ನೆಮ್ಮದಿಯಾಗಿ ತೋರಿಸಿ. ಆ ನೆಮ್ಮದಿಯೊಳಗೆ ಕೆಡುಕು ಮೆಲ್ಲನೆ ತಲೆ ಹಾಕಲಿ. ಆಮೇಲೆ ಸ್ವಲ್ಪ ಸ್ವಲ್ಪವಾಗಿ ಹತ್ತಿರ ಬರಲಿ. ಬರೆಯುವವನ ಬಾಯಿಗೆ ಬಿಗಿ ಇರಲಿ. ರಕ್ತಪಾತವನ್ನೂ ಕಾಮವನ್ನೂ ತುರುಕುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಅಮೆರಿಕದ ಎಚ್. ಪಿ. ಲವ್‌ಕ್ರಾಫ್ಟ್ 1927ರಲ್ಲಿ ಬರೆದ ದೀರ್ಘ ಪ್ರಬಂಧ ಈ ಸಾಹಿತ್ಯದ ಇತಿಹಾಸಕ್ಕೆ ಒಳ್ಳೆಯ ದಾರಿಬುತ್ತಿ. ಏನೇನು ಓದಬಹುದೆಂಬ ಪಟ್ಟಿಯಾಗಿ ಅದನ್ನು ಇಟ್ಟುಕೊಳ್ಳಬಹುದು. ಅವರು ನಾಸ್ತಿಕರು, ವಿಶ್ವಕ್ಕೆ ಮನುಷ್ಯನ ಗೊಡವೆಯೇ ಇಲ್ಲ ಎಂಬುದೇ ಅವರ ಕಥೆಗಳ ಭಯ. ಅದು ನಮ್ಮ ನಂಬಿಕೆಗೆ ನೇರ ಎದುರು. ಆದರೂ ನಮಗೆ ಬೇಸರ ತರಿಸಿದ್ದು ಅವರ ನಾಸ್ತಿಕತೆಯಲ್ಲ, ಬೇರೆ ಬಣ್ಣದ, ಬೇರೆ ನಾಡಿನ ಜನರನ್ನು ಕಂಡರೆ ಅವರ ಕಥೆಗಳಲ್ಲಿ ಉಕ್ಕುವ ತಿರಸ್ಕಾರ.

ಡ್ರಾಕುಲಾ ಮತ್ತು ಪರಮಪ್ರಸಾದ

ಡಬ್ಲಿನ್‌ನಲ್ಲಿ ಹುಟ್ಟಿ ಲಂಡನ್ನಿನ ನಾಟಕಶಾಲೆಯ ಮ್ಯಾನೇಜರಾಗಿದ್ದ ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ‘ಡ್ರಾಕುಲಾ’ವನ್ನು ಓದದವರೂ ಬಲ್ಲರು. ಓದಿದವರು ಕಡಿಮೆ. ಸಿನಿಮಾ ನೋಡಿ ತೃಪ್ತಿಪಟ್ಟವರೇ ಹೆಚ್ಚು.

ದಿನಚರಿ, ಪತ್ರ, ತಂತಿ, ಪತ್ರಿಕಾ ವರದಿಗಳನ್ನು ಪೋಣಿಸಿ ಮಾಡಿದ ಕಾದಂಬರಿ ಇದು. ಮೊದಲ ನಾಲ್ಕು ಅಧ್ಯಾಯಗಳು, ಜೋನಥನ್ ಹಾರ್ಕರ್ ಎಂಬ ಯುವ ವಕೀಲ ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿ ಸೆರೆಯಾಗುವ ಭಾಗ, ಅಪ್ಪಟ ಚಿನ್ನ. ಅಂದಹಾಗೆ, ಸ್ಟೋಕರ್ ಟ್ರಾನ್ಸಿಲ್ವೇನಿಯಾವನ್ನು ಕಂಡವರೇ ಅಲ್ಲ. ಎಲ್ಲ ಗ್ರಂಥಾಲಯದ ಕೃಪೆ. ನಡುವಿನ ಭಾಗ ಎಳೆದಂತಾಗುತ್ತದೆ. ಡಚ್ ಪ್ರೊಫೆಸರ್ ವಾನ್ ಹೆಲ್ಸಿಂಗ್ ಬಾಯಿ ತೆರೆದರೆ ಮುಚ್ಚುವುದಿಲ್ಲ. ಅಲ್ಲಿ ಕೆಲವು ಪುಟ ಹಾರಿಸಿದರೆ ನಾವೇನೂ ಆಕ್ಷೇಪಿಸುವುದಿಲ್ಲ.

ಕಥೋಲಿಕ ಓದುಗರಿಗೆ ಈ ಪುಸ್ತಕ ವಿಚಿತ್ರವಾದ ಅನುಭವ. ಹಾರ್ಕರ್ ಕೋಟೆಗೆ ಹೊರಟಾಗ ವಸತಿಗೃಹದ ಮುದುಕಿಯೊಬ್ಬಳು ಮೊಣಕಾಲೂರಿ ಬೇಡಿಕೊಂಡು ತನ್ನ ಕೊರಳಿನ ಶಿಲುಬೆಯನ್ನು ಅವನಿಗೆ ಕೊಡುತ್ತಾಳೆ. ಇಂಗ್ಲೆಂಡಿನ ಪ್ರೊಟೆಸ್ಟಂಟನಾದ ಅವನಿಗೆ ಅದು ವಿಗ್ರಹಾರಾಧನೆಯಂತೆ ಕಂಡು ಮುಜುಗರ. ಮುದುಕಿಯ ಮನಸ್ಸು ನೋಯಿಸಬಾರದೆಂದು ಇಟ್ಟುಕೊಳ್ಳುತ್ತಾನೆ. ಮುಂದೆ ಅವನ ಜೀವ ಉಳಿಸುವುದು ಅದೇ ಜಪಸರ. ಸ್ಟೋಕರ್ ಸ್ವತಃ ಪ್ರೊಟೆಸ್ಟಂಟ್ ಕುಟುಂಬದವರು. ಆದರೂ ಈ ದೃಶ್ಯದಲ್ಲಿ ಆ ಹಳ್ಳಿಯ ಮುದುಕಿಯೇ ಎಲ್ಲರಿಗಿಂತ ತಿಳಿದವಳು.

ಆದರೆ ವಾನ್ ಹೆಲ್ಸಿಂಗ್ ಮಾಡುವ ಕೆಲಸ ನೋಡಿ. ಪರಮಪ್ರಸಾದವನ್ನು ಪುಡಿಮಾಡಿ, ಹಿಟ್ಟಿನಂತೆ ನಾದಿ, ಸಮಾಧಿಯ ಬಾಗಿಲಿನ ಸಂದಿಗೆ ಮೆತ್ತುತ್ತಾನೆ! ಇದಕ್ಕೆ ತನಗೆ ‘ಇಂಡಲ್ಜೆನ್ಸ್’ ಸಿಕ್ಕಿದೆ ಎನ್ನುತ್ತಾನೆ. ಧರ್ಮೋಪದೇಶದ ತರಗತಿಗೆ ಹೋದ ಯಾವ ಮಗುವಾದರೂ ಇಲ್ಲಿ ಕೈಯೆತ್ತಬೇಕು. ಇಂಡಲ್ಜೆನ್ಸ್ ಎಂದರೆ ಪರವಾನಗಿ ಚೀಟಿಯಲ್ಲ. ಕ್ಷಮೆ ಪಡೆದ ಪಾಪಗಳಿಗೆ ಉಳಿದಿರುವ ಶಿಕ್ಷೆಯ ವಿಮೋಚನೆ ಅದು. ಪರಮಪ್ರಸಾದವನ್ನು ಗಾರೆಯಂತೆ ಬಳಸಲು ಯಾರಿಗೂ ಯಾರೂ ಅನುಮತಿ ಕೊಡಲಾರರು. ಅದು ಘೋರ ಅಪಚಾರ. ಪವಿತ್ರ ವಸ್ತುವನ್ನು ತಾಯಿತದ ಮಟ್ಟಕ್ಕೆ ಇಳಿಸುವ ಈ ಚಾಳಿ ಆಮೇಲಿನ ಸಿನಿಮಾಗಳಿಗೆಲ್ಲ ಅಂಟಿಕೊಂಡಿತು. ಶಿಲುಬೆ ತೋರಿಸು, ದೆವ್ವ ಓಡುತ್ತದೆ. ಹಿಡಿದವನಿಗೆ ವಿಶ್ವಾಸ ಇದೆಯೋ ಇಲ್ಲವೋ ಕೇಳುವವರಿಲ್ಲ.

ಹಾಗಾದರೆ ಪುಸ್ತಕ ಬೇಡವೇ? ನಾವು ಬೇಡ ಎನ್ನುವುದಿಲ್ಲ. ಕಾರಣ ಮಿನಾ. ಡ್ರಾಕುಲಾನಿಂದ ಎಲ್ಲರಿಗಿಂತ ಹೆಚ್ಚು ನೊಂದವಳು ಅವಳು, ಹಣೆಯ ಮೇಲೆ ಗಾಯದ ಗುರುತು ಹೊತ್ತವಳು. ಗಂಡಸರೆಲ್ಲ ಸೇಡಿನ ಮಾತಾಡುವಾಗ ಅವಳೊಬ್ಬಳು ಹೇಳುತ್ತಾಳೆ: ಇಷ್ಟೆಲ್ಲ ಕೇಡು ಮಾಡಿದ ಆ ಆತ್ಮಕ್ಕಿಂತ ದುಃಖಿ ಬೇರೊಬ್ಬನಿಲ್ಲ, ಅವನ ಬಗ್ಗೆಯೂ ಕನಿಕರವಿರಲಿ. ಕೊನೆಗೆ ಡ್ರಾಕುಲಾ ಧೂಳಾಗುವ ಕ್ಷಣದಲ್ಲಿ ಅವನ ಮುಖದಲ್ಲಿ ನೆಮ್ಮದಿಯ ಕಳೆ ಮೂಡಿದ್ದನ್ನು ಗಮನಿಸಿ ಬರೆದಿಡುವವಳೂ ಅವಳೇ. ಮೊಳೆ ಕಿತ್ತವಳ ಕನಿಕರ ನೆನಪಾಗುತ್ತದೆಯಲ್ಲವೇ? ಸಿನಿಮಾಗಳು ಹಲ್ಲುಗಳನ್ನು ಇಟ್ಟುಕೊಂಡು ಈ ಮಾತನ್ನು ಹೆಚ್ಚಾಗಿ ಕೈಬಿಟ್ಟವು.

ಮಹಾಧರ್ಮಾಧ್ಯಕ್ಷರ ಮನೆಯ ದೆವ್ವಗಳು

ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಅತ್ಯುನ್ನತ ಪೀಠದಲ್ಲಿದ್ದ ಕ್ಯಾಂಟರ್‌ಬರಿಯ ಮಹಾಧರ್ಮಾಧ್ಯಕ್ಷ ಎಡ್ವರ್ಡ್ ವೈಟ್ ಬೆನ್ಸನ್ 1895ರ ಜನವರಿಯ ಒಂದು ಸಂಜೆ ಅತಿಥಿಯೊಬ್ಬರಿಗೆ ಕೇಳಿದ ಕಥೆಯೊಂದನ್ನು ಹೇಳಿದರು: ಕೆಟ್ಟ ಆಳುಗಳು ಸತ್ತ ಮೇಲೂ ಬಂದು ಮನೆಯ ಮಕ್ಕಳನ್ನು ಸೆಳೆಯುತ್ತಾರಂತೆ. ಅತಿಥಿ ಹೆನ್ರಿ ಜೇಮ್ಸ್. 1898ರಲ್ಲಿ ಅದೇ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಆಯಿತು. ಮಕ್ಕಳನ್ನು ನೋಡಿಕೊಳ್ಳುವ ಯುವತಿಗೆ ಕಂಡದ್ದು ನಿಜವಾದ ಪ್ರೇತಗಳೇ, ಅವಳ ಮನಸ್ಸಿನ ಕಾಯಿಲೆಯೇ ಎಂದು ವಿಮರ್ಶಕರು ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ. ವಾಕ್ಯಗಳು ಮಾತ್ರ ಬಳ್ಳಿಯಂತೆ ಸುತ್ತುತ್ತವೆ, ತಾಳ್ಮೆಯಿದ್ದವರಿಗೆ.

ಬೆನ್ಸನ್ನರ ಗಂಡುಮಕ್ಕಳಲ್ಲಿ ಮೂವರು ದೆವ್ವದ ಕಥೆ ಬರೆದರು! ಅವರಲ್ಲಿ ಕಿರಿಯ ರಾಬರ್ಟ್ ಹ್ಯೂ ಬೆನ್ಸನ್ ತಂದೆಯಿಂದಲೇ ಆಂಗ್ಲಿಕನ್ ಗುರುದೀಕ್ಷೆ ಪಡೆದವರು, 1903ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿ ಮರುವರ್ಷ ರೋಮಿನಲ್ಲಿ ಗುರುಗಳಾದರು. 1907ರ ಅವರ ‘ಎ ಮಿರರ್ ಆಫ್ ಶಾಲಟ್’ನಲ್ಲಿ ರೋಮಿನಲ್ಲಿ ಕೂಡಿದ ಗುರುಗಳು ಒಬ್ಬೊಬ್ಬರಾಗಿ ತಮ್ಮ ಅನುಭವದ ವಿಚಿತ್ರ ಘಟನೆ ಹೇಳುತ್ತಾರೆ. ಕೆಲವು ಕಥೆಗಳು ಸಪ್ಪೆ, ಪ್ರಸಂಗದ ವಾಸನೆ ಬರುತ್ತದೆ. ಆದರೆ ಹೇಳುವವರು ಯಾರೂ ‘ಇದು ಖಂಡಿತ ದೆವ್ವವೇ’ ಎಂದು ಮೇಜು ಗುದ್ದುವುದಿಲ್ಲ. ಹಾಗೆ ಕಂಡಿತು, ಹೀಗೂ ಇರಬಹುದು ಎನ್ನುತ್ತಾರೆ. ಈ ವಿಷಯದಲ್ಲಿ ಗುರುಗಳಿಗೆ ಒಪ್ಪುವ ಮಾತು ಅದು.

ಎಲ್ಲರೂ ಹೆಸರು ಬಲ್ಲ ಒಂದು ಪುಸ್ತಕ

ವಿಲಿಯಂ ಪೀಟರ್ ಬ್ಲಾಟಿಯವರ ‘ದಿ ಎಕ್ಸಾರ್ಸಿಸ್ಟ್’ 1971ರಲ್ಲಿ ಪ್ರಕಟವಾಯಿತು, 1973ರಲ್ಲಿ ಸಿನಿಮಾ ಆಯಿತು. ಬ್ಲಾಟಿ ಲೆಬನಾನಿನಿಂದ ವಲಸೆ ಬಂದ ತಂದೆತಾಯಿಗಳ ಮಗ, ಕಥೋಲಿಕರು, ಯೇಸುಸಭೆಯವರ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯದಲ್ಲಿ ಓದಿದವರು. 1949ರಲ್ಲಿ ಅಲ್ಲಿ ವಿದ್ಯಾರ್ಥಿಯಾಗಿದ್ದಾಗ, ಮೇರಿಲ್ಯಾಂಡಿನ ಹುಡುಗನೊಬ್ಬನಿಗೆ ದೆವ್ವ ಬಿಡಿಸಿದ ಪತ್ರಿಕಾ ವರದಿ ಓದಿದ್ದು ಅವರ ಮನಸ್ಸಿನಲ್ಲಿ ಇಪ್ಪತ್ತು ವರ್ಷ ಉಳಿಯಿತು. ಸಿನಿಮಾದ ಚಿತ್ರಕಥೆಗೆ ಅವರಿಗೆ ಆಸ್ಕರ್ ಬಂತು. ಅದರಲ್ಲಿ ನಿಜವಾದ ಯೇಸುಸಭೆಯ ಗುರುಗಳೇ ನಟಿಸಿದ್ದಾರೆ. ಗುರುಗಳಾದ ವಿಲಿಯಂ ಓ’ಮ್ಯಾಲಿ ಅವರಲ್ಲೊಬ್ಬರು.

ಜನರಿಗೆ ನೆನಪಿರುವುದು ತಿರುಗುವ ತಲೆ ಮತ್ತು ಹಸಿರು ವಾಂತಿ. ಕಿಂಗ್ ಹೇಳಿದ ಮೂರನೆಯ ದರ್ಜೆ! ಕಾದಂಬರಿಯಲ್ಲಿ ಇನ್ನೂ ಕೊಳಕು ಮಾತುಗಳಿವೆ. ಹದಿಹರೆಯದವರ ಕೈಗೆ ಇದನ್ನು ಕೊಡಲು ನಮಗೆ ಮನಸ್ಸಿಲ್ಲ. ಆದರೆ ಪುಸ್ತಕದ ಹೃದಯ ಬೇರೆಲ್ಲೋ ಇದೆ. ಫಾದರ್ ಕರಾಸ್ ಮನೋವೈದ್ಯರೂ ಹೌದು. ಬಡತನದಲ್ಲಿ ಒಂಟಿಯಾಗಿ ತೀರಿಕೊಂಡ ತಾಯಿಯ ನೆನಪು ಅವರನ್ನು ತಿನ್ನುತ್ತಿದೆ, ವಿಶ್ವಾಸ ಸಡಿಲವಾಗಿದೆ. ಆ ಬಾಲಕಿಯನ್ನು ಕಾಯಿಲೆಯವಳೆಂದೇ ತಿಳಿದು ಅವರು ಪುಟಗಟ್ಟಲೆ ಪರೀಕ್ಷಿಸುತ್ತಾರೆ. ವಯಸ್ಸಾದ ಫಾದರ್ ಮೆರಿನ್ ಒಂದೆಡೆ ಹೇಳುವ ಮಾತಿನ ಸಾರ ಇದು: ದುರಾತ್ಮದ ಗುರಿ ಹಾಸಿಗೆಯಲ್ಲಿರುವ ಮಗುವಲ್ಲ, ಸುತ್ತ ನಿಂತು ನೋಡುವ ನಾವು, ನಾವು ನಮ್ಮನ್ನೇ ಪ್ರಾಣಿಗಳೆಂದು ಹೇಸಿಕೊಳ್ಳಬೇಕು, ದೇವರು ಇಂಥವರನ್ನು ಪ್ರೀತಿಸಲಾರರು ಎಂದು ಕೈಚೆಲ್ಲಬೇಕು. ಈ ಒಂದು ಪುಟಕ್ಕಾಗಿ ಹಿರಿಯರು ಉಳಿದ ಪುಟಗಳನ್ನು ಸಹಿಸಬಹುದು.

ಸಿನಿಮಾ ನೋಡಿದವರು ಧರ್ಮಸಭೆ ನಿಜವಾಗಿ ಏನು ಹೇಳುತ್ತದೆಂದು ತಿಳಿದಿರುವುದು ಒಳ್ಳೆಯದು. ಧರ್ಮಸಭೆಯ ಕಾನೂನು ಸಂಹಿತೆಯ 1172ನೆಯ ವಿಧಿಯಂತೆ ಧರ್ಮಾಧ್ಯಕ್ಷರ ಸ್ಪಷ್ಟ ಅನುಮತಿಯಿಲ್ಲದೆ ಯಾರೂ ದೆವ್ವ ಹಿಡಿದವರ ಮೇಲೆ ಈ ವಿಧಿಯನ್ನು ನಡೆಸುವಂತಿಲ್ಲ. ಅನುಮತಿಯೂ ಭಕ್ತಿ, ಜ್ಞಾನ, ವಿವೇಕವುಳ್ಳ ಗುರುಗಳಿಗೆ ಮಾತ್ರ. ಕಥೋಲಿಕ ಧರ್ಮೋಪದೇಶ ಗ್ರಂಥದ 1673ನೆಯ ಪರಿಚ್ಛೇದ ಮಾನಸಿಕ ಕಾಯಿಲೆ ಬೇರೆಯೇ ಸಂಗತಿ, ಅದು ವೈದ್ಯರ ಕೆಲಸ ಎನ್ನುತ್ತದೆ. ಮೂರ್ಛೆರೋಗದ ಹುಡುಗಿಯನ್ನು ಆಸ್ಪತ್ರೆಗೆ ಕರೆದೊಯ್ಯದೆ ಊರೂರು ಸುತ್ತಿಸುವವರು ನಮ್ಮಲ್ಲೂ ಇಲ್ಲವೇ? ಕೆಟ್ಟ ಹಾರರ್ ಕಥೆಯ ನಿಜವಾದ ಅಪಾಯ ಇಲ್ಲಿದೆ. ರಾತ್ರಿಯ ಕೆಟ್ಟ ಕನಸು ಬೆಳಿಗ್ಗೆ ಹೋಗುತ್ತದೆ. ಕಾಯಿಲೆಯನ್ನು ದೆವ್ವವೆಂದು ತಿಳಿಯುವ ಅಭ್ಯಾಸ ಹೋಗುವುದಿಲ್ಲ.

ಯಾರನ್ನು ಕಂಡು ಹೆದರುವುದು?

ನಮ್ಮ ಗಡಿಯ ಆಚೀಚೆ ಈ ಬಗೆಯ ಜನಪ್ರಿಯ ಸಾಹಿತ್ಯ ಧಾರಾಳವಾಗಿ ಬೆಳೆದಿದೆ. ಅದೋನಿ, ರಾಯದುರ್ಗದ ಕಡೆಯವರಿಗೆ ಯಂಡಮೂರಿ ವೀರೇಂದ್ರನಾಥರ ‘ತುಲಸಿದಳಂ’ ಪರಿಚಿತ. ತುಲಸಿ ಎಂಬ ಪುಟ್ಟ ಹುಡುಗಿಯ ಮೇಲೆ ಮಾಟ ಪ್ರಯೋಗಿಸುವ ಈ ತೆಲುಗು ಕಾದಂಬರಿ ಕನ್ನಡಕ್ಕೂ ಬಂದು ಒಂದು ತಲೆಮಾರಿನ ನಿದ್ದೆ ಕೆಡಿಸಿತು. ಮಲಯಾಳದಲ್ಲಿ 2018ರಲ್ಲಿ ತೀರಿಕೊಂಡ ಕೋಟ್ಟಯಂ ಪುಷ್ಪನಾಥ್ ವಾರಪತ್ರಿಕೆಗಳಲ್ಲಿ ನೂರಾರು ಪತ್ತೇದಾರಿ, ಮಾಂತ್ರಿಕ ಕಾದಂಬರಿಗಳನ್ನು ಹರಿಸಿದರು. ಸೋಲಾಪುರ, ಅಕ್ಕಲಕೋಟೆಯ ಓದುಗರಿಗೆ ಮರಾಠಿಯ ನಾರಾಯಣ ಧಾರಪ್ ಮತ್ತು ರತ್ನಾಕರ ಮತ್ಕರಿ ಇದ್ದಾರೆ. ಧಾರಪರ ಕ���ೆಯ ಪ್ರೇರಣೆ 2018ರ ‘ತುಂಬಾಡ್’ ಸಿನಿಮಾದವರೆಗೂ ಹರಿದುಬಂತು.

ಇಂಥವುಗಳನ್ನು ಓದುವಾಗ ನಾವು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಕಥೆ ಯಾರನ್ನು ಕಂಡರೆ ಹೆದರು ಎನ್ನುತ್ತಿದೆ? ನನ್ನೊಳಗಿನ ದುರಾಸೆಗೋ, ಅಥವಾ ಊರ ಹೊರಗಿನ ಒಂಟಿ ಮುದುಕಿಗೋ? ‘ತುಂಬಾಡ್’ ಹೆದರಿಸುವುದು ಚಿನ್ನದ ಆಸೆಯಿಂದ. ಅದು ಸರಿಯಾದ ಹೆದರಿಕೆ. ಮಾಟಗಾತಿ ಎಂದು ಹೆಸರಿಟ್ಟು ವಿಧವೆಯನ್ನೋ ಕಾಡಿನ ಬಡವನನ್ನೋ ತೋರಿಸುವ ಕಥೆ ಕಾಗದದ ಮೇಲೆ ನಿಲ್ಲುವುದಿಲ್ಲ. ಬಾಣಾಮತಿಯ ಅನುಮಾನದಲ್ಲಿ ಮನುಷ್ಯರನ್ನು ಹೊಡೆದ, ಕೊಂದ ಸುದ್ದಿಗಳು ನಮ್ಮ ಸುತ್ತಲಿನ ಜಿಲ್ಲೆಗಳಿಂದಲೇ ಬಂದಿವೆ. ಇಂಥ ಮೂಢಾಚರಣೆಗಳ ವಿರುದ್ಧ ಹೋರಾಡಿದ ಡಾ. ನರೇಂದ್ರ ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅದೇ ವರ್ಷ ಮಹಾರಾಷ್ಟ್ರ, 2017ರಲ್ಲಿ ಕರ್ನಾಟಕ ಕಾನೂನು ತಂದವು. ಇಂಗ್ಲಿಷ್ ಪುಸ್ತಕಗಳೂ ಈ ದೋಷದಿಂದ ಮುಕ್ತವಲ್ಲ. ಕೋತಿಯ ಕೈಗೆ ಮಂತ್ರ ಹಾಕಲು ಭಾರತದ ಫಕೀರನೇ ಬೇಕಾಯಿತು. ಡ್ರಾಕುಲಾನ ಪೆಟ್ಟಿಗೆ ಹೊರಲು ಜಿಪ್ಸಿಗಳೇ ಬೇಕಾಯಿತು. ಓದಿ, ಆದರೆ ಕಂಡದ್ದನ್ನು ಮಕ್ಕಳಿಗೂ ತೋರಿಸಿ.

ಯಾರ ಕೈಗೆ ಯಾವುದು?

ಹತ್ತು ವರ್ಷದೊಳಗಿನವರಿಗೆ ಅಜ್ಜಿಯ ಕಥೆಗಳೇ ಸಾಕು, ಅದೂ ಅಜ್ಜಿಯ ಮಗ್ಗುಲಲ್ಲಿ ಕೂತು. ಹೈಸ್ಕೂಲಿನವರು ಕೋತಿಯ ಕೈಯ ಕಥೆ, ಎಂ. ಆರ್. ಜೇಮ್ಸ್ ಅವರ ಒಂದೆರಡು ಕಥೆ ಓದಬಹುದು. ಪಿ.ಯು.ಸಿ. ದಾಟಿದವರು ‘ಡ್ರಾಕುಲಾ’ ಓದಲಿ, ಆಮೇಲೆ ವಾನ್ ಹೆಲ್ಸಿಂಗ್ ಮಾಡಿದ್ದು ಸರಿಯೇ ಎಂದು ಯುವಕೂಟದಲ್ಲಿ ಚರ್ಚಿಸಲಿ. ಧರ್ಮೋಪದೇಶದ ಪುಸ್ತಕ ಆಗ ತಾನಾಗಿ ತೆರೆಯುತ್ತದೆ. ‘ಎಕ್ಸಾರ್ಸಿಸ್ಟ್’ ದೊಡ್ಡವರಿಗೆ ಮಾತ್ರ, ಅದೂ ಬಯಸಿದವರಿಗೆ. ರಾತ್ರಿ ಒಬ್ಬರೇ ಎದ್ದು ಕೂರುವ ಮಕ್ಕಳಿಗೆ, ಇತ್ತೀಚೆಗೆ ಮನೆಯಲ್ಲಿ ಸಾವು ಕಂಡವರಿಗೆ, ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಇವು ಯಾವುವೂ ಈಗ ಬೇಡ. ಪುಸ್ತಕ ಎಲ್ಲಿಗೂ ಓಡಿಹೋಗುವುದಿಲ್ಲ.

ಒಟ್ಟಿಗೆ ಗಟ್ಟಿಯಾಗಿ ಓದಲು ಮೃತರ ತಿಂಗಳಾದ ನವೆಂಬರಿನ ಒಂದು ಸಂಜೆ ಒಳ್ಳೆಯದು. ಸಮಾಧಿಗಳ ಆಶೀರ್ವಾದ ಮುಗಿಸಿ, ಮೊಂಬತ್ತಿ ಹಚ್ಚಿ ಬಂದ ದಿನವಾದರೆ ವೈಟ್ ದಂಪತಿಗಳ ಬಾಗಿಲು ಇನ್ನೊಂದು ರೀತಿಯಲ್ಲಿ ಕೇಳಿಸುತ್ತದೆ. ಊಟಕ್ಕೆ ಮುಂಚೆ ಓದಿ, ಮಲಗುವ ಹೊತ್ತಿಗಲ್ಲ; ಊಟದ ಮಾತುಕತೆಯಲ್ಲಿ ಅರ್ಧ ಹೆದರಿಕೆ ಕರಗುತ್ತದೆ. ಮೂರನೆಯ ವರ ಏನಿರಬಹುದೆಂದು ಮಕ್ಕಳನ್ನೇ ಕೇಳಿ. ಮತ್ತೆ, ದೀಪ ಆರಿಸಿ ಓದುವುದು ಬೇಡ. ಕಣ್ಣಿಗೆ ಆಯಾಸ.